ಎಡಪುಟ ಹಾಜಿವತ್‌ಗೆ, ಬಲಪುಟ ಕರಗ್ಯೋಜ್‌ಗೆ

ಟರ್ಕಿಯ ತೊಗಲುಗೊಂಬೆಯಾಟದಲ್ಲಿ ಇಬ್ಬರು ಗೆಳೆಯರಿದ್ದಾರೆ. ಹಾಜಿವತ್ ಓದಿದವ, ನಯವಾಗಿ, ಅಲಂಕಾರಿಕವಾಗಿ ಮಾತಾಡುವವ. ಕರಗ್ಯೋಜ್ ಎಂದರೆ ಕಪ್ಪು ಕಣ್ಣಿನವ. ಓದು ಬಾರದು, ಬಾಯಿಗೆ ಬೀಗವಿಲ್ಲ. ಗೆಳೆಯನ ದೊಡ್ಡ ದೊಡ್ಡ ಪದಗಳನ್ನು ಏನೇನೋ ಕೇಳಿಸಿಕೊಂಡು, ಕೊನೆಗೆ ಸತ್ಯವನ್ನೇ ಹೇಳಿಬಿಡುತ್ತಾನೆ. ನಮ್ಮ ಕಿಳ್ಳೇಕ್ಯಾತನನ್ನು ಬಲ್ಲವರಿಗೆ ಇವನು ಹೊಸಬನಲ್ಲ.

ಒಂಟೆ ಅಥವಾ ದನದ ಚರ್ಮವನ್ನು ಬೆಳಕು ಹಾಯುವಷ್ಟು ಹದಮಾಡಿ, ಬಣ್ಣ ಹಚ್ಚಿ ಈ ಗೊಂಬೆಗಳನ್ನು ಮಾಡುತ್ತಾರೆ. ಹಿಂದೆ ರಂಜಾನ್ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಆಟ ನಡೆಯುತ್ತಿತ್ತು. 'ಹಯಾಲಿ' ಎಂಬ ಒಬ್ಬನೇ ಸೂತ್ರಧಾರ ಎಲ್ಲ ಪಾತ್ರಗಳಿಗೂ ದನಿ ಕೊಡುತ್ತಾನೆ. ಬುರ್ಸಾದಲ್ಲಿ ಮಸೀದಿ ಕಟ್ಟುತ್ತಿದ್ದ ಇಬ್ಬರ ಹರಟೆಯಿಂದ ಕೆಲಸವೇ ನಿಂತು, ಸುಲ್ತಾನ ಅವರಿಗೆ ಮರಣದಂಡನೆ ಕೊಟ್ಟ. ಆಮೇಲೆ ಅವರು ಗೊಂಬೆಗಳಾಗಿ ಮರಳಿದರು ಎಂಬುದು ದಂತಕಥೆ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ತೆರೆಗೆ 'ಪೆರ್ದೆ' ಎನ್ನುತ್ತಾರೆ. ನಮ್ಮ 'ಪರದೆ'ಯೂ ಅದೇ ಪಾರಸಿ ಮೂಲದ್ದು.

ಪುಣೆಯ ಐಟಿ ಕಂಪನಿಯೊಂದರಲ್ಲಿ ದಿನವಿಡೀ ಇಂಗ್ಲಿಷ್ ದಾಖಲೆಗಳನ್ನು ಬರೆಯುವವನು ನಾನು. ಹೋದ ವರ್ಷ ತೀರಿಕೊಂಡ ಅಪ್ಪನ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತರೆ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನ ಭಾಷೆಯೇ ಬರುತ್ತಿತ್ತು. ಅದು ಹಾಜಿವತ್‌ನ ಕನ್ನಡ. ಹಾಗಾಗಿ ಇಬ್ಬರನ್ನೂ ಡೈರಿಗೆ ಕರೆದೆ. ಎಡಪುಟ ಅವನಿಗೆ, ಬಲಪುಟ ಕರಗ್ಯೋಜ್‌ಗೆ.

'ತಂದೆಯವರು ಮಿತಭಾಷಿಗಳಾಗಿದ್ದರು' ಎಂದ ಹಾಜಿವತ್.

'ನಿಮ್ಮಪ್ಪ ಫೋನ್ ತಗೊಂಡ್ರ, ಊಟಾ ಆತೇನ ಅಂತ ಕೇಳಿ ನಿಮ್ಮವ್ವನ ಕೈಯಾಗ ಕೊಡ್ತಿದ್ದ. ಹಂಗಽ ಬರಿ' ಎಂದ ಕರಗ್ಯೋಜ್, ಅಪ್ಪಟ ಧಾರವಾಡದ ಮಾತಿನಲ್ಲಿ.

'ಅವರ ಅಗಲಿಕೆ ತುಂಬಲಾರದ ನಷ್ಟ.'

'ಅವನ ಚಪ್ಪಲಿ ಇನ್ನೂ ಬಾಗಲದಾಗ ಅದಾವು. ಯಾರು ತಗೀತೀರಿ?'

ಆ ಪ್ರಶ್ನೆಗೆ ಉತ್ತರವಾಗಿ ನಾಲ್ಕು ಪುಟ ಬರೆದೆ. ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. 'ಹೌದ್ ನೋಡಪಾ, ಹಿಂಗಽ ಇದ್ರು' ಅಂದಳು. ಅಪ್ಪ ಹೋದ ಮೇಲೆ ನಾವಿಬ್ಬರೂ ಅವರ ಬಗ್ಗೆ ಮನಬಿಚ್ಚಿ ಮಾತಾಡಿದ್ದು ಅಂದೇ ಮೊದಲು.

ಊರು ಬಿಟ್ಟ ನಮ್ಮಂಥವರೊಳಗೆ ಈ ಇಬ್ಬರೂ ಇರುತ್ತಾರೆ. ಒಬ್ಬ ಆಫೀಸಿಗೆ ಹೋಗುತ್ತಾನೆ, ಇನ್ನೊಬ್ಬ ಮನೆಯ ಮಾತಾಡುತ್ತಾನೆ. ನೀವೂ ಬರೆದು ನೋಡಿ. ಆದರೆ ಹಾಜಿವತ್‌ನನ್ನು ಓಡಿಸಬೇಡಿ. ಅವನು ಮಾತು ತೆಗೆದರೆ ತಾನೇ ಕರಗ್ಯೋಜ್ ಎದುರಾಡುವುದು? ಆಟ ಮುಗಿದಾಗ, ನಾಲಗೆ ತಪ್ಪಿದ್ದಕ್ಕೆಲ್ಲ ಕರಗ್ಯೋಜ್ ಪ್ರೇಕ್ಷಕರ ಕ್ಷಮೆ ಕೇಳುವುದು ವಾಡಿಕೆ. ಡೈರಿಯಲ್ಲಿ ಅದರ ಅಗತ್ಯವಿಲ್ಲ.