ಹಿಂಗಾರಿನ ಕೆಸರಲ್ಲಿ ಮಿನಿ ಟ್ರ್ಯಾಕ್ಟರ್ ಹೂತರೆ ಏನು ಮಾಡಬೇಕು?

ಓಡೈಪಟ್ಟಿ : ಅಮೆರಿಕ, ಕೆನಡಾ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಸಣ್ಣ ಟ್ರ್ಯಾಕ್ಟರುಗಳು ಹಿಮದಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿನವರು ಟೈರಿಗೆ ಕಬ್ಬಿಣದ ಸರಪಳಿ ಸುತ್ತಿ ಓಡಿಸುತ್ತಾರೆ. ನಮ್ಮ ಕಂಬಂ ಕಣಿವೆಗೆ ಹಿಮ ಎಲ್ಲಿಂದ ಬರಬೇಕು? ನಮಗೆ ಆ ಹೊತ್ತಿನಲ್ಲಿ ಬರುವುದು ಹಿಂಗಾರು ಮಳೆ, ತಮಿಳಿನಲ್ಲಿ ಹೇಳುವ ಐಪ್ಪಸಿ ತಿಂಗಳ ಅಡೆಮಳೆ. ಅಕ್ಟೋಬರಿನಿಂದ ಡಿಸೆಂಬರ್ ತನಕ ನಮ್ಮ ಗಾಡಿಗಳು ಹೂತುಕೊಳ್ಳುವುದು ಕೆಸರಿನಲ್ಲಿ.

ಮಳೆ ನಿಂತ ಮೇಲೆ ತೋಟಕ್ಕೆ ಇಳಿದರಾಯಿತು ಎಂದು ಸುಮ್ಮನಿರಲು ದ್ರಾಕ್ಷಿ ಬೆಳೆಗಾರರಿಗೆ ಆಗುವುದಿಲ್ಲ. ಎಲೆ ಒದ್ದೆಯಾಗಿದ್ದಾಗಲೇ ಡೌನಿ ರೋಗ ಹಬ್ಬುತ್ತದೆ, ಆಗಲೇ ಔಷಧಿ ಹೊಡೆಯಬೇಕು. ನೆಲ ಮೆತ್ತಗಿರುವ ಹೊತ್ತಿಗೇ ನೀರು ತುಂಬಿದ ಟ್ಯಾಂಕು ಎಳೆದುಕೊಂಡು ಮಿನಿ ಟ್ರ್ಯಾಕ್ಟರ್ ಚಪ್ಪರದ ಕೆಳಗೆ ಹೋಗಬೇಕು. ಮುಲ್ಲೈ ಪೆರಿಯಾರ್ ನೀರು ಉಣ್ಣುವ ಕಣಿವೆಯ 14,707 ಎಕರೆ ಎರಡು ಬೆಳೆಯ ಗದ್ದೆಗಳಲ್ಲಂತೂ ಕೆಸರಿನಲ್ಲೇ ಉಳುಮೆ. ಹಾಗಾಗಿ ಹೂಳದಂತೆ ಓಡಿಸುವುದು ಹೇಗೆ, ಹೂತರೆ ತೆಗೆಯುವುದು ಹೇಗೆ, ಎರಡೂ ಗೊತ್ತಿರಬೇಕು. ಎರಡನೆಯದನ್ನು ತಪ್ಪಾಗಿ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಚಕ್ರ ಜಾರುವುದೇಕೆ?

ಟೈರಿನ ಉಬ್ಬು ಗೆರೆಗಳು ಮಣ್ಣನ್ನು ಹಲ್ಲಿನಂತೆ ಕಚ್ಚಿ ಹಿಡಿಯುತ್ತವೆ. ಜಿಗುಟು ಮಣ್ಣು ಆ ಗೆರೆಗಳ ನಡುವೆ ತುಂಬಿಕೊಂಡರೆ ಟೈರು ಬೋಳಾದಂತೆಯೇ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಸ್ವಲ್ಪ ಜಾರುವುದು ತಪ್ಪಲ್ಲ. ಹೊಲದಲ್ಲಿ ನೂರಕ್ಕೆ 8ರಿಂದ 15ರಷ್ಟು ಜಾರಿದರೆ ಕೆಲಸ ಸರಿಯಾಗಿದೆ ಎಂದೇ ಅರ್ಥ. ಇದನ್ನು ನೀವೇ ಅಳೆಯಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ. ನೇಗಿಲು ಇಳಿಸಿ ಉಳುತ್ತಾ ಚಕ್ರ 10 ಸುತ್ತು ತಿರುಗುವಷ್ಟು ದೂರ ಹೋಗಿ, ಎರಡೂ ತುದಿಗೆ ಗೂಟ ನೆಡಿ. ಅದೇ ದೂರವನ್ನು ನೇಗಿಲು ಎತ್ತಿಕೊಂಡು ಹೋಗಿ ಸುತ್ತು ಎಣಿಸಿ. ಎಂಟೂವರೆ ಸುತ್ತು ಬಂದರೆ ಜಾರುವಿಕೆ ನೂರಕ್ಕೆ 15. ಎಂಟೇ ಸುತ್ತು ಬಂದರೆ 20. ಅಂದರೆ ಡೀಸೆಲ್ಲೂ ಟೈರೂ ವ್ಯರ್ಥವಾಗುತ್ತಿವೆ ಎಂದಾಯಿತು.

ಗಾಳಿ, ಭಾರ, ಕೇಜ್ ವೀಲ್

ಮೊದಲು ಗಾಳಿ. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗಾಳಿ ಕಡಿಮೆ ಮಾಡಿದರೆ ಟೈರು ಅಗಲವಾಗಿ ಕೂರುತ್ತದೆ, ಹೂಳುವುದು ಕಡಿಮೆಯಾಗುತ್ತದೆ. ರಸ್ತೆಗೆಂದು ಗಟ್ಟಿಯಾಗಿ ತುಂಬಿಸಿದ ಗಾಳಿಯಲ್ಲೇ ತೋಟಕ್ಕೆ ಇಳಿಯುವುದು ಬಹಳ ಜನ ಮಾಡುವ ತಪ್ಪು. ಗಾಡಿಯ ಪುಸ್ತಕದಲ್ಲಿ ಹೊಲಕ್ಕೆ ಎಷ್ಟು ಎಂದು ಬರೆದಿದೆಯೋ ಅಷ್ಟಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ರಸ್ತೆಗೆ ಹೋಗುವ ಮುಂಚೆ ಮತ್ತೆ ತುಂಬಿಸಿ.

ಎರಡನೆಯದು ಭಾರ. ನೆಲದ ಮೇಲ್ಪದರ ಮಾತ್ರ ನೆನೆದು ಅಡಿಯಲ್ಲಿ ಗಟ್ಟಿಯಿದ್ದರೆ ಹಿಂದಿನ ಚಕ್ರಕ್ಕೆ ಭಾರ ಬೇಕು. ಟೈರಿನ ವಾಲ್ವನ್ನು ಮೇಲ್ತುದಿಗೆ ತಂದು ಆ ಮಟ್ಟದವರೆಗೆ ನೀರು ತುಂಬಿಸಿದರೆ ಟೈರು ಮುಕ್ಕಾಲು ಭಾಗ ತುಂಬುತ್ತದೆ. ಒಂದು ಲೀಟರಿಗೆ ಒಂದು ಕಿಲೋ ಭಾರ ಖರ್ಚಿಲ್ಲದೆ ಬಂತು! ಆದರೆ ಅಡಿಯ ತನಕ ಮೆತ್ತಗಿರುವ ಗದ್ದೆಯಲ್ಲಿ ಇದೇ ಭಾರ ಶತ್ರು. ಅಲ್ಲಿ ಭಾರ ಇಳಿಸಿ ಕೇಜ್ ವೀಲ್ ಹಾಕಬೇಕು. ಕಬ್ಬಿಣದ ಈ ಪಂಜರ ಚಕ್ರವನ್ನು ಅಗಲ ಮಾಡುತ್ತದೆ, ಕೆಸರು ಸಂದಿಯಿಂದ ಜಾರಿಹೋಗುತ್ತದೆ. ಡಾಂಬರು ರಸ್ತೆಗೆ ಬರುವ ಮುಂಚೆ ಅದನ್ನು ಬಿಚ್ಚಿಡಬೇಕು.

ಮೂರನೆಯದು ಡಿಫರೆನ್ಷಿಯಲ್ ಲಾಕ್. ಒಂದೇ ಚಕ್ರ ಸುಮ್ಮನೆ ತಿರುಗುತ್ತಾ ಇನ್ನೊಂದು ನಿಂತಿದ್ದರೆ ಈ ಪೆಡಲ್ ಎರಡನ್ನೂ ಜೊತೆಯಾಗಿ ತಿರುಗಿಸುತ್ತದೆ. ಕೆಸರು ಕಂಡಾಗ, ಜಾರುವ ಮುಂಚೆಯೇ, ಗಾಡಿ ನೇರ ಹೋಗುವಾಗ ಒತ್ತಿ. ತಿರುವು ಬರುವ ಮುಂಚೆ ಬಿಡಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಅದರ ಲಿವರನ್ನೂ ಮೊದಲೇ ಹಾಕಿಕೊಳ್ಳಿ.

ಹೂತೇಹೋಯಿತು, ಈಗ?

ಗಾಡಿ ಮುಂದೆ ಹೋಗದೆ ಚಕ್ರ ಮಾತ್ರ ತಿರುಗಿದರೆ ತಕ್ಷಣ ನಿಲ್ಲಿಸಿ. ಎಂಜಿನ್ ಗರ್ಜಿಸಿದಷ್ಟೂ ಗುಂಡಿ ಆಳವಾಗುತ್ತದೆ ಅಷ್ಟೆ.

ಇಳಿದು ನೋಡಿ. ಗಾಡಿಯ ಹೊಟ್ಟೆ ಕೆಸರಿಗೆ ತಾಗಿದೆಯೇ? ಪಿ.ಟಿ.ಓ. ನಿಲ್ಲಿಸಿ, ನೇಗಿಲು, ರೋಟವೇಟರ್ ಮೇಲಕ್ಕೆತ್ತಿ, ಟ್ಯಾಂಕಿನ ನೀರು ಖಾಲಿ ಮಾಡಿ, ಟ್ರೈಲರ್ ಕಳಚಿ. ಬಂದ ದಾರಿಯಲ್ಲೇ ನಿಧಾನವಾಗಿ ರಿವರ್ಸ್ ತೆಗೆಯಲು ಪ್ರಯತ್ನಿಸಿ. ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ, ರಿವರ್ಸಿನಲ್ಲಿ ಗಾಡಿಯ ಮೂತಿಯೂ ಮೇಲೇಳುವುದಿಲ್ಲ.

ಆಗಲಿಲ್ಲವೆಂದರೆ ಗುದ್ದಲಿಯೇ ಗತಿ. ಚಕ್ರದ ಮುಂದೆ ಅಥವಾ ಹಿಂದೆ ಇಳಿಜಾರಾಗಿ ಅಗೆಯಿರಿ. ಹೊಟ್ಟೆಯ ಕೆಳಗಿನ ಮಣ್ಣನ್ನೂ ಬಿಡಿಸಿ. ಜಿಗುಟು ಮಣ್ಣು ಗಾಡಿಯನ್ನು ಹೀರಿ ಹಿಡಿದಿರುತ್ತದೆ, ಗಾಳಿ ಒಳಗೆ ಹೋದರೆ ಅರ್ಧ ಹಿಡಿತ ಬಿಟ್ಟಂತೆ. ಆಮೇಲೆ ತೆಂಗಿನ ಗರಿ, ಕಬ್ಬಿನ ಸೋಗೆ, ಗೋಣಿಚೀಲ, ಹಲಗೆ, ಸಿಕ್ಕಿದ್ದನ್ನು ಅಗೆದ ಜಾಗಕ್ಕೆ ಹಾಸಿ. ಚಕ್ರ ತಿರುಗುವಾಗ ಅದರ ನೇರಕ್ಕೆ ಹಿಂದೆ ಮುಂದೆ ಯಾರೂ ನಿಲ್ಲಬಾರದು, ಹಲಗೆ ಹಾರಿ ಬಂದು ಬಡಿಯುತ್ತದೆ.

ಪವರ್ ಟಿಲ್ಲರ್ ಆದರೆ ಇನ್ನೊಂದು ಮಾತು. ರೋಟರಿ ತಿರುಗುತ್ತಿರುವಾಗ ರಿವರ್ಸ್ ಹಾಕಬೇಡಿ. ಹಲ್ಲುಗಳು ನಿಮ್ಮ ಕಾಲಿನ ಕಡೆಗೇ ಬರುತ್ತವೆ.

ಇದೊಂದನ್ನು ಮಾತ್ರ ಮಾಡಬೇಡಿ

ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಬ್ಬಿಸುವ ಉಪಾಯ ಹಲವು ಕಡೆ ಇದೆ. ಇದು ಸಾವಿನ ದಾರಿ. ಚಕ್ರ ತಿರುಗಲು ಆಗದಂತೆ ಸಿಕ್ಕಿಕೊಂಡಾಗ ಎಂಜಿನ್ ಬಲ ಸುಮ್ಮನಿರುವುದಿಲ್ಲ. ಚಕ್ರದ ಬದಲು ಗಾಡಿಯೇ ಆಕ್ಸಲ್ ಸುತ್ತ ತಿರುಗಿ, ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಮೂತಿ ಎದ್ದು ಮುಕ್ಕಾಲು ಸೆಕೆಂಡಿನಲ್ಲಿ ಅದು ತಡೆಯಲಾಗದ ಹಂತ ದಾಟಿರುತ್ತದೆ. ಕ್ಲಚ್ಚಿನ ಮೇಲೆ ಕಾಲಿಡುವಷ್ಟು ಸಮಯವೂ ಸಿಗುವುದಿಲ್ಲ.

ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವಾಗಲೂ ಇದೇ ಅಪಾಯ. ಎಳೆಯುವ ಗಾಡಿಯಲ್ಲಿ ಹಗ್ಗವನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಟಾಪ್ ಲಿಂಕಿಗೆ, ಆಕ್ಸಲಿಗೆ ಬೇಡವೇ ಬೇಡ. ಕಟ್ಟು ಮೇಲೆ ಹೋದಷ್ಟೂ ಆ ಗಾಡಿಯೂ ಹಿಂದಕ್ಕೆ ಮಗುಚಬಹುದು. ಉದ್ದ ಹಗ್ಗ ತಂದು ಎಳೆಯುವ ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮೊದಲು ಹಗ್ಗ ಬಿಗಿಯಾಗಲಿ, ಆಮೇಲೆ ಕೆಳಗಿನ ಗೇರಿನಲ್ಲಿ ನೇರವಾಗಿ, ಮೆಲ್ಲಗೆ ಎಳೆಯಿರಿ. ಜಗ್ಗಿ ಜಗ್ಗಿ ಎಳೆದರೆ ಹಗ್ಗ ತುಂಡಾಗಿ ಚಾಟಿಯಂತೆ ಬರುತ್ತದೆ. ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲ ಹೊದಿಸಿ, ನೋಡಲು ಬಂದವರನ್ನೆಲ್ಲ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಕಳಿಸಿ. ಸನ್ನೆ ಮಾಡುವವರು ಒಬ್ಬರೇ ಇರಲಿ. ನಾಲ್ಕು ಜನ ಎರಡು ಭಾಷೆಯಲ್ಲಿ ಕೂಗಿದರೆ ಡ್ರೈವರ್ ಯಾರ ಮಾತು ಕೇಳಬೇಕು?

ದ್ರಾಕ್ಷಿ ತೋಟದವರಿಗೆ ಇನ್ನೆರಡು ಮಾತು. ಚಪ್ಪರದ ಕಲ್ಲುಕಂಬಕ್ಕೆ ಹಗ್ಗ ಕಟ್ಟಿ ಎಳೆಯಬೇಡಿ. ಕಂಬ ಬಿದ್ದರೆ ತಂತಿಯೊಂದಿಗೆ ಸಾಲೇ ಕುಸಿಯುತ್ತದೆ. ಮಗುಚಿದಾಗ ಕಾಪಾಡುವ ಕಬ್ಬಿಣದ ಕಮಾನು ನಿಮ್ಮ ಗಾಡಿಯಲ್ಲಿದ್ದು ಚಪ್ಪರದ ಕೆಳಗೆ ಅದನ್ನು ಮಡಚಿದ್ದರೆ, ಹೊರಗೆ ಬಂದ ಕೂಡಲೇ ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಿಕೊಳ್ಳಿ. ಕಮಾನು ಮಡಚಿರುವಾಗ ಬೆಲ್ಟ್ ಹಾಕಬಾರದು.

ಹೊರಗೆ ಬಂದ ಮೇಲೆ

ರೇಡಿಯೇಟರಿನ ಸಂದಿಯ ಕೆಸರು ತೊಳೆಯಿರಿ, ಬ್ರೇಕ್ ಪರೀಕ್ಷಿಸಿ. ಗೇರ್ ಬಾಕ್ಸ್, ಮುಂದಿನ ಆಕ್ಸಲ್‌ಗಳ ಆಯಿಲ್ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಆಯಿಲ್ ಬದಲಿಸದೆ ಓಡಿಸಬೇಡಿ.

ಇಷ್ಟೆಲ್ಲ ಮಾಡಿದರೂ ಗಾಡಿ ಅಲುಗದಿದ್ದರೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ಸಾಹಸ ಬೇಡ. ಸುತ್ತ ಕಾಲುವೆ ತೋಡಿ ನೀರು ಬಸಿಯಲು ಬಿಟ್ಟು ಮನೆಗೆ ಬನ್ನಿ. ಒಂದು ದಿನ ತಡವಾದರೆ ಒಂದು ಸರದಿ ಔಷಧಿ ತಪ್ಪಬಹುದು. ಅದನ್ನು ಬೆನ್ನಿಗೆ ಕಟ್ಟುವ ಸ್ಪ್ರೇಯರಿನಲ್ಲೂ ಹೊಡೆಯಬಹುದು. ಗಾಡಿ ನಾಳೆಯೂ ಅಲ್ಲೇ ಇರುತ್ತದೆ.