ಕೊಂಡ ಹಾಡು ಕೊಂಡವರದಾಗಲಿ

ಹಣ ಕೊಟ್ಟು ಕೊಂಡ ಹಾಡು, ಮಾರಿದವರು ಅಂಗಡಿ ಮುಚ್ಚಿದ ಮೇಲೂ ಕೇಳಲು ಸಿಗಬೇಕು. ಇಷ್ಟು ಸಣ್ಣ ಬೇಡಿಕೆಯನ್ನು ಒಪ್ಪಲು ಡಿಜಿಟಲ್ ಸಂಗೀತದ ಮಾರುಕಟ್ಟೆಗೆ ವರ್ಷಗಳೇ ಬೇಕಾದವು. 2003ರಲ್ಲಿ ಆಪಲ್‌ನ ಐಟ್ಯೂನ್ಸ್ ಸ್ಟೋರ್ ಶುರುವಾದಾಗ ಅಲ್ಲಿನ ಹಾಡುಗಳಿಗೆ ಡಿಆರ್‌ಎಂ ಎಂಬ ಬೀಗವಿತ್ತು. ಉದ್ದೇಶ ನಕಲು ತಡೆಯುವುದು. ಪೆಟ್ಟು ಬಿದ್ದದ್ದು ಪ್ರಾಮಾಣಿಕವಾಗಿ ಕೊಂಡವರಿಗೆ. 2008ರಲ್ಲಿ ಯಾಹೂ ತನ್ನ ಸಂಗೀತದ ಅಂಗಡಿ ಮುಚ್ಚುವಾಗ, ಹಾಡುಗಳಿಗೆ ಪರವಾನಗಿ ಕೊಡುತ್ತಿದ್ದ ಸರ್ವರ್‌ಗಳನ್ನೂ ನಿಲ್ಲಿಸುವುದಾಗಿ ಸಾರಿತು. ಕಂಪ್ಯೂಟರ್ ಬದಲಿಸಿದವರು ತಮ್ಮದೇ ಹಾಡನ್ನು ಹೊಸದರಲ್ಲಿ ತೆರೆಯಲಾಗದ ಸ್ಥಿತಿ ಅದು. ಕದ್ದು ಇಳಿಸಿಕೊಂಡವರ ಎಂಪಿ3ಗಳಿಗೆ ಅಂಥ ಯಾವ ಆತಂಕವೂ ಇರಲಿಲ್ಲ.

ಬೀಗ ತೆಗೆದರೆ ಎಲ್ಲರೂ ನಕಲು ಮಾಡಿ ಹಂಚುತ್ತಾರೆ, ಕಲಾವಿದರ ಹೊಟ್ಟೆಗೆ ಹೊಡೆದಂತಾಗುತ್ತದೆ ಎಂಬ ವಾದವಿದೆ. ಕಲಾವಿದರ ಬಗೆಗಿನ ಆ ಕಾಳಜಿ ನ್ಯಾಯವಾದದ್ದೇ. ಆದರೆ ಬೀಗ ಬೇಕೆಂದ ಸಂಗೀತ ಕಂಪನಿಗಳೇ ಅದೇ ಹಾಡುಗಳನ್ನು ಬೀಗವಿಲ್ಲದ ಸಿಡಿಗಳಲ್ಲಿ ರಾಶಿಗಟ್ಟಲೆ ಮಾರುತ್ತಿದ್ದವು. 2007ರ ಫೆಬ್ರುವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಬಹಿರಂಗವಾಗಿ ಎತ್ತಿ ತೋರಿಸಿದ್ದು ಇದನ್ನೇ. ಒಂದು ಸಿಡಿಯಿಂದ ಹೊರಬಂದ ಒಂದು ಪ್ರತಿ ಲೋಕಕ್ಕೆಲ್ಲ ಹಬ್ಬಲು ಸಾಕು ಎಂದಮೇಲೆ ಡೌನ್‌ಲೋಡಿಗೆ ಹಾಕಿದ ಬೀಗ ಯಾರನ್ನು ತಡೆದೀತು? ಆ ವರ್ಷವೇ ಇಎಂಐ ಎಂಬ ಸಂಗೀತ ಕಂಪನಿ ಬೀಗ ಕಳಚಿತು. 2008ರ ಆರಂಭಕ್ಕೆ ಸಂಗೀತದ ನಾಲ್ಕೂ ದೊಡ್ಡ ಕಂಪನಿಗಳು ಅಮೆಜಾನ್‌ನಲ್ಲಿ ಬೀಗವಿಲ್ಲದ ಎಂಪಿ3 ಮಾರತೊಡಗಿದವು. 2009ರಲ್ಲಿ ಆಪಲ್ ಕೂಡ ಪೂರ್ತಿ ಆ ದಾರಿಗೆ ಬಂತು. ಮಾರಾಟದ ಹಾಡಿಗೆ ಬೀಗ ಹಾಕುವ ಪದ್ಧತಿಗೆ ಅವು ಮರಳಿಲ್ಲ.

ನಮ್ಮಲ್ಲೂ ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಮಳಿಗೆ ತೆರೆದು ಬೀಗವಿಲ್ಲದ ಎಂಪಿ3ಗಳನ್ನು ಮಾರಿತು. 2013ರಲ್ಲೇ ಮುಚ್ಚಿತು. ಬೀಗ ಇಲ್ಲದ್ದೇ ಸೋಲಿಗೆ ಕಾರಣ ಎನ್ನಬಹುದೇ? ಕಂಪನಿ ಆಗ ಹೇಳಿದ್ದು ಎರಡು ತೊಡಕು: ಪೈರಸಿ, ಮತ್ತು ಸಣ್ಣ ಮೊತ್ತ ಪಾವತಿಸಲು ಸುಲಭ ದಾರಿ ಇಲ್ಲದಿರುವುದು. ಎರಡನೆಯದನ್ನು 2016ರಲ್ಲಿ ಬಂದ ಯುಪಿಐ ನಿವಾರಿಸಿದೆ. ಹತ್ತು ರೂಪಾಯಿಯ ಚಹಾಕ್ಕೆ ಸ್ಕ್ಯಾನ್ ಮಾಡುವವರು ಹತ್ತು ರೂಪಾಯಿಯ ಹಾಡಿಗೂ ಮಾಡಿಯಾರು. ಇನ್ನೊಂದು ಮಾತು: ಫ್ಲೈಟ್‌ನಿಂದ ಇಳಿಸಿಟ್ಟುಕೊಂಡ ಹಾಡಿಗೆ ಅಂಗಡಿ ಮುಚ್ಚಿದ್ದರಿಂದ ಏನೂ ಆಗಲಿಲ್ಲ. ಯಾಹೂ ಗ್ರಾಹಕರಿಗೆ ಈ ನೆಮ್ಮದಿ ಇರಲಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಎಲ್ಲವೂ ಸಿಗುವಾಗ ಕೊಳ್ಳುವುದೇಕೆ ಎನ್ನುವವರು 2024ನ್ನು ನೆನೆಯಬೇಕು. ಆ ಒಂದೇ ವರ್ಷ ಭಾರತದಲ್ಲಿ ರೆಸ್ಸೊ ಎಂಬ ಸ್ಟ್ರೀಮಿಂಗ್ ಆ್ಯಪ್ ನಿಂತಿತು, ಏರ್‌ಟೆಲ್‌ನ ವಿಂಕ್ ಮುಚ್ಚುವ ಘೋಷಣೆಯೂ ಬಂತು. ಆ್ಯಪಿನೊಳಗೆ ಉಳಿಸಿಟ್ಟ ಹಾಡು ಆ್ಯಪಿನೊಂದಿಗೇ ಹೋಗುತ್ತದೆ. ಹೊಸದನ್ನು ಹುಡುಕಿ ಕೇಳಲು ಸ್ಟ್ರೀಮಿಂಗ್ ಒಳ್ಳೆಯದು; ಮೆಚ್ಚಿದ್ದನ್ನು ಕೊಂಡಿಟ್ಟುಕೊಳ್ಳುವುದೇ ಲೇಸು. ಐಟ್ಯೂನ್ಸ್ ಸ್ಟೋರಿನಲ್ಲಿ ಕೊಂಡ ಹಾಡಿಗೆ ಬೀಗವಿಲ್ಲ, ಆಪಲ್ ಮ್ಯೂಸಿಕ್ ಚಂದಾದಿಂದ ಇಳಿಸಿಕೊಂಡದ್ದಕ್ಕೆ ಇದೆ. ಈ ವ್ಯತ್ಯಾಸ ತಿಳಿದಿರಲಿ. ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಎಂಪಿ3 ಅಥವಾ ದನಿಯ ಗುಣಮಟ್ಟ ಕುಂದದ ಫ್ಲ್ಯಾಕ್ ಸಿಗುತ್ತದೆ, ಬೆಲೆಯನ್ನು ಕಲಾವಿದರೇ ಗೊತ್ತುಮಾಡುತ್ತಾರೆ, ಹಣದ ದೊಡ್ಡ ಪಾಲೂ ಅವರಿಗೇ. ಸ್ವತಂತ್ರವಾಗಿ ಹಾಡುವ ಕನ್ನಡದ ಯುವಕ ಯುವತಿಯರು ಅಲ್ಲಿ ತಮ್ಮ ಹಾಡು ಇಡಬೇಕು. ಭಾವಗೀತೆ, ರಂಗಗೀತೆ, ಹಳೆಯ ಚಿತ್ರಗೀತೆಗಳ ಹಕ್ಕು ಹೊಂದಿದ ಕಂಪನಿಗಳು ತಮ್ಮ ತಾಣಗಳಲ್ಲೇ ಬೀಗವಿಲ್ಲದ ಫೈಲುಗಳನ್ನು ಮಾರಲಿ. ಮಾರಿದಾಗ ನಾವು ಹಣ ಕೊಟ್ಟೇ ಕೊಳ್ಳೋಣ, ಕೊಂಡದ್ದನ್ನು ಊರಿಗೆಲ್ಲ ಹಂಚದಿರೋಣ.