ಗುರುವೇ ಗಂಡನಾದಾಗ

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಕಂಡವರಿಗೆ ದಲ್ಲಾಳಿಯ ಕೆಲಸವೇನೆಂದು ವಿವರಿಸಬೇಕಾಗಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದವರು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸಿದ ಉಂಡೆ ಕೊಬ್ಬರಿ ಅಲ್ಲಿಗೆ ಬರುತ್ತದೆ. ದೂರದೂರಿನ ವ್ಯಾಪಾರಿ ಕೊಳ್ಳುತ್ತಾನೆ. ನಡುವೆ ನಿಂತು ವ್ಯವಹಾರ ಕುದುರಿಸಿದವನಿಗೆ ಅವನ ಪಾಲು ಸಲ್ಲುತ್ತದೆ. ಮಾಲು ಒಬ್ಬರದು, ಮಾತು ಇನ್ನೊಬ್ಬರದು.

ಕ್ರೀಡಾಲೋಕದ ಏಜೆಂಟನ ಕೆಲಸವೂ ಇದೇ ಬಗೆಯದು. ಕ್ರೀಡಾಪಟುವಿನ ಪರವಾಗಿ ಸ್ಪರ್ಧೆಗಳನ್ನು ಗೊತ್ತುಮಾಡುವುದು, ಜಾಹೀರಾತಿನ ಒಪ್ಪಂದಗಳನ್ನು ಕುದುರಿಸುವುದು, ಬಂದ ಹಣದಲ್ಲಿ ನೂರಕ್ಕೆ ಇಷ್ಟೆಂದು ಪಡೆಯುವುದು ಅವನ ವೃತ್ತಿ. ಆದರೆ ಇಲ್ಲಿ ಮಾರುಕಟ್ಟೆಗೆ ಬರುವುದು ಕೊಬ್ಬರಿಯಲ್ಲ. ನೋವು, ದಣಿವು, ಸೋಲುಗಳನ್ನು ಉಣ್ಣುವ ಮನುಷ್ಯಜೀವ. ದಿನವೂ ಜೊತೆಯಲ್ಲಿ ದುಡಿಯುವ ಇಬ್ಬರ ನಡುವೆ ಸ್ನೇಹ ಮೊಳೆತು ಅದು ಪ್ರೇಮಕ್ಕೆ ತಿರುಗಿದರೆ ಲೆಕ್ಕ ಎಲ್ಲಿ ಮುಗಿಯುತ್ತದೆ, ಸಂಸಾರ ಎಲ್ಲಿ ತೊಡಗುತ್ತದೆ?

ಈ ಪ್ರಶ್ನೆಗೆ ಸಮೀಪದ ಉತ್ತರವೊಂದು ನಮ್ಮ ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ಈ ಕಥೆಯ ನಾಯಕ ಏಜೆಂಟನಲ್ಲ, ತರಬೇತುದಾರ. ನಾಯಕಿ ಉದ್ದ ಜಿಗಿತದಲ್ಲಿ ಭಾರತಕ್ಕೆ ಹೆಸರು ತಂದ ಅಂಜು ಬಾಬಿ ಜಾರ್ಜ್. ಇಬ್ಬರೂ ಕೇರಳದಲ್ಲಿ ಹುಟ್ಟಿದವರಾದರೂ ನೆಲೆ ನಿಂತದ್ದು ಬೆಂಗಳೂರಿನಲ್ಲಿ.

ರಾಬರ್ಟ್ ಬಾಬಿ ಜಾರ್ಜ್ ಮೆಕ್ಯಾನಿಕಲ್ ಇಂಜಿನಿಯರ್. ತ್ರಿವಿಧ ಜಿಗಿತದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ವಾಲಿಬಾಲ್ ಲೋಕದ ಪ್ರಸಿದ್ಧ ಆಟಗಾರ ಜಿಮ್ಮಿ ಜಾರ್ಜ್ ಅವರಿಗೆ ತಮ್ಮ. ಇಂಥವರು 1998ರಲ್ಲಿ ತಮ್ಮ ವೃತ್ತಿಯನ್ನು ಬದಿಗಿಟ್ಟು ಅಂಜುವಿನ ಪೂರ್ಣಕಾಲದ ತರಬೇತುದಾರರಾದರು. ಆಗ ಅಂಜುವಿಗೆ 21 ವರ್ಷ. ದೊಡ್ಡ ಅಂತರರಾಷ್ಟ್ರೀಯ ಪದಕಗಳು ಇನ್ನೂ ಮುಂದಿದ್ದವು. ಇಳುವರಿ ಕೈಗೆ ಬರುವ ಮೊದಲೇ ತನ್ನ ಜೀವನವನ್ನೇ ಬಂಡವಾಳವಾಗಿ ಹೂಡುವ ದಲ್ಲಾಳಿ ಯಾವ ಮಂಡಿಯಲ್ಲಿಯೂ ಸಿಕ್ಕಲಾರ! ಗುರು-ಶಿಷ್ಯೆಯರಾಗಿದ್ದವರು ಸತಿಪತಿಗಳಾದರು.

ಫಲ ನಿಧಾನವಾಗಿ ಬಂದಿತು. 2002ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕಂಚು, ಅದೇ ವರ್ಷ ಬೂಸಾನಿನ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದ ಅಂಜು, ಆ ಕೂಟದಲ್ಲಿ ಪದಕ ಪಡೆದ ಮೊಟ್ಟಮೊದಲ ಭಾರತೀಯ ಅಥ್ಲೀಟ್ ಎನಿಸಿದರು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು.

ಈ ದಾಂಪತ್ಯದ ಸತ್ವಪರೀಕ್ಷೆ ಮಾತ್ರ ಪದಕಗಳಲ್ಲಿಲ್ಲ. ಪ್ಯಾರಿಸ್ಸಿಗೆ ಮುನ್ನ ಅಂಜು, 8.95 ಮೀಟರಿನ ವಿಶ್ವದಾಖಲೆಯ ಒಡೆಯ ಮೈಕ್ ಪಾವೆಲ್ ಅವರ ಬಳಿ ಅಭ್ಯಾಸ ಮಾಡಿದರು. ಮನೆಯಲ್ಲಿಯೇ ಗುರುವಿರುವಾಗ ಇನ್ನೊಬ್ಬ ಗುರುವಿಗೆ ಎಡೆ ಮಾಡಿಕೊಡುವುದು ಸಾಮಾನ್ಯ ಸಂಗತಿಯಲ್ಲ. ಗಂಡಸಿನ ಅಭಿಮಾನ, ಗುರುವಿನ ಅಭಿಮಾನ ಎರಡೂ ಕೂಡಿದ ಕಡೆ ಅನೇಕ ಪ್ರತಿಭೆಗಳು ಕಮರಿಹೋಗುವುದುಂಟು. ‘ನನಗೆ ತಿಳಿದಷ್ಟೇ ಇವಳಿಗೆ ಸಾಕು’ ಎನ್ನದಿರುವುದೇ ಇಲ್ಲಿ ದೊಡ್ಡ ಗುಣ.

ಹಾಗೆಂದು ಇಂಥ ಪ್ರೇಮಗಳೆಲ್ಲ ಸುಖಾಂತವೆಂದು ಬಗೆಯಬಾರದು. ಏಜೆಂಟನಾಗಲಿ ತರಬೇತುದಾರನಾಗಲಿ, ಅವನ ಕೈಯಲ್ಲಿ ಅಧಿಕಾರವಿದೆ. ಯಾವ ಸ್ಪರ್ಧೆಗೆ ಹೋಗಬೇಕು, ನೋವಿದ್ದರೂ ಜಿಗಿಯಬೇಕೇ, ಹಣ ಯಾರ ಕೈ ಸೇರಬೇಕು ಎಂಬುದನ್ನು ನಿರ್ಧರಿಸುವವನೇ ಪ್ರೇಮವನ್ನೂ ಬೇಡಿದರೆ, ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಆ ಹುಡುಗಿಗೆ ಎಷ್ಟು ಉಳಿದೀತು? ಮೈದಾನದಲ್ಲಿ ಅನ್ಯಾಯವಾದರೆ ಮನೆಯಲ್ಲಿ ಹೇಳಿಕೊಳ್ಳಬಹುದು. ಮೈದಾನವೂ ಮನೆಯೂ ಒಂದೇ ಆದಾಗ ದೂರನ್ನು ಒಯ್ಯುವುದೆಲ್ಲಿಗೆ? ಆದುದರಿಂದ ಮಗಳನ್ನು ಕ್ರೀಡೆಗೆ ಕಳುಹಿಸುವ ತಾಯಿತಂದೆಗಳು ಎರಡು ಸಂಗತಿಗಳನ್ನು ಗಮನಿಸುವುದು ಲೇಸು. ಹಣದ ಲೆಕ್ಕ ಅವಳ ಕಣ್ಣೆದುರಿಗಿರಬೇಕು. ಅವಳ ಮಾತನ್ನು ಕೇಳಲು ಗುರುವಲ್ಲದ ಇನ್ನೊಬ್ಬರು ಇರಬೇಕು.

ಪ್ರೇಮ ನಿಜವೇ, ಬರಿಯ ವ್ಯಾಪಾರವೇ ಎಂದು ತಿಳಿಯುವುದು ಹೇಗೆ? ಯಾರು ಏನನ್ನು ಪಡೆದರೆಂದು ನೋಡುವ ಮೊದಲು, ಯಾರು ಏನನ್ನು ಬಿಟ್ಟುಕೊಟ್ಟರೆಂದು ನೋಡಬೇಕು. ಗೆದ್ದ ದಿನದ ಜೊತೆಗಾರರು ಹಲವರು. ಕಾಯಬೇಕಾದ ವರ್ಷಗಳಿಗೆ ಜೊತೆಯಾಗುವವರು ವಿರಳ. ಕಾಯುವುದು ಈ ದಂಪತಿಗಳ ಪಾಲಿಗೂ ಬಂದಿತ್ತು. 2005ರಲ್ಲಿ ಮೊನಾಕೋದ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಅಂಜು 6.75 ಮೀಟರ್ ಜಿಗಿದು ಎರಡನೆಯವರಾಗಿದ್ದರು. ಮೊದಲಿಗಳಾಗಿದ್ದ ರಷ್ಯದ ತತ್ಯಾನಾ ಕೊತೋವಾ ನಿಷಿದ್ಧ ಮದ್ದಿನ ಕಾರಣದಿಂದ ಅನರ್ಹಳಾದ ಮೇಲೆ, ಆ ಬೆಳ್ಳಿ ಚಿನ್ನವಾಯಿತು. ಅಷ್ಟರಲ್ಲಿ ಸುಮಾರು 9 ವರ್ಷಗಳು ಸಂದಿದ್ದವು.

ಅವರು ಒಟ್ಟಾಗಿ ಕಲಿತದ್ದು ಮನೆಯ ಹೊಸ್ತಿಲೊಳಗೇ ಉಳಿಯಲಿಲ್ಲ. ಬೆಂಗಳೂರಿನ ತಮ್ಮ ಕ್ರೀಡಾ ಪ್ರತಿಷ್ಠಾನದಲ್ಲಿ ದಂಪತಿಗಳು ಪರರ ಮಕ್ಕಳಿಗೆ ಜಿಗಿತ ಕಲಿಸಿದರು. ಅಲ್ಲಿ ರಾಬರ್ಟರ ಕೈಯಲ್ಲಿ ಪಳಗಿದ ಝಾನ್ಸಿಯ ಹುಡುಗಿ ಶೈಲಿ ಸಿಂಗ್, 2021ರಲ್ಲಿ ನೈರೋಬಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ 6.59 ಮೀಟರ್ ಜಿಗಿದು ಬೆಳ್ಳಿ ಗೆದ್ದಳು. ಚಿನ್ನ ತಪ್ಪಿದ್ದು ಒಂದೇ ಒಂದು ಸೆಂಟಿಮೀಟರಿನಿಂದ. ಹುಡುಗಿಯರಿಗೆ ಹಾದಿ ತೆರೆದ ಈ ಬಗೆಯ ಸೇವೆಗಾಗಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅದೇ ವರ್ಷ ಅಂಜುವನ್ನು ವರ್ಷದ ಮಹಿಳೆಯೆಂದು ಗೌರವಿಸಿತು. ಇಬ್ಬರ ಒಲವು ಮೂರನೆಯವರ ಬಾಳಿಗೂ ಆಸರೆಯಾದರೆ, ಅಂಥ ಒಲವಿನ ಲಾಭನಷ್ಟಗಳನ್ನು ನೂರಕ್ಕೆ ಇಷ್ಟೆಂದು ಲೆಕ್ಕ ಹಾಕುವವರಾರು?